ಜೋಡಿಗೆ ಸೇರದ ಪೋರ್ಟು

ನೆಲಮಂಗಲದ ಗೋದಾಮಿನಲ್ಲಿ ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ ಎರಡು ಕೇಬಲ್ ಎಳೆದು, ಜೋಡಿ ಮಾಡಿ ಒಂದೇ ಲಿಂಕ್ ಆಗಿಸಿದ್ದೆವು. ಒಂದು ಕಡಿದರೂ ಇನ್ನೊಂದು ಕೆಲಸ ಮಾಡಬೇಕಿತ್ತು. ಆಯುಧಪೂಜೆಗೆ ಸ್ವಿಚ್ ಒರೆಸಿ ಕುಂಕುಮವಿಟ್ಟ ನನ್ನ ಜೊತೆಗಾರ, ಒರೆಸಲು ಬಿಚ್ಚಿದ್ದ ಒಂದು ಕೇಬಲನ್ನು ಮತ್ತೆ ಹಾಕುವಾಗ ಅದರ ಕಿಂಡಿ ಬಿಟ್ಟು, ತೂಕದ ಯಂತ್ರಕ್ಕೆಂದು ವೇಗ ತಗ್ಗಿಸಿದ್ದ ಪೋರ್ಟಿಗೆ ಸಿಕ್ಕಿಸಿದ. ಸೆಟ್ಟಿಂಗ್ ಹೊಂದದೆ ಅದು ಜೋಡಿಗೆ ಸೇರಲಿಲ್ಲ. ಆ ಪೋರ್ಟಿನ ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿತ್ತು.

ಆಮೇಲೊಂದು ದಿನ ಇಲಿ ಇನ್ನೊಂದು ಕೇಬಲನ್ನು ಕಡಿಯಿತು. ಲಿಂಕ್ ಪೂರ್ತಿ ಹೋಗಿ, ಬಿಲ್ಲಿಂಗ್ ನಿಂತು ಲಾರಿಗಳು ಗೇಟಿನಾಚೆಗೂ ಸಾಲುಗಟ್ಟಿದವು.

"ಲೈಟ್ ಉರೀತಿತ್ತು ಸಾರ್," ಎಂದ ಅವನು.

"ದೀಪ ನೋಡೋಕೆ ದೇವಸ್ಥಾನಕ್ಕೆ ಹೋಗಪ್ಪಾ," ಎಂದರು ಮ್ಯಾನೇಜರ್. ಅವತ್ತೇ ಅವನ ಕೆಲಸ ಹೋಯಿತು.

ಹೋಗುವಾಗ ಅವನು ನಕ್ಕಂತೆ ನೆನಪು. ಆ ನಗು ಬೇರೆ ದಿನದ್ದೂ ಇರಬಹುದು. ನಾನು ಹೊಸ ಕೇಬಲ್ ಎಳೆದು, ಅವನು ಸಿಕ್ಕಿಸಿದ್ದನ್ನು ಸರಿಯಾದ ಪೋರ್ಟಿಗೆ ಹಾಕಿದೆ. ಜೋಡಿ ಸೇರಿತು. ಆಗ ನನಗೆ ಏನೂ ಅನ್ನಿಸಲಿಲ್ಲ ಎಂಬುದಷ್ಟೇ ಖಚಿತವಾಗಿ ನೆನಪಿದೆ.