ಮಾವ ಹೆಬ್ಬೆಟ್ಟು ಒತ್ತಲಿಲ್ಲ

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಾನು. ಜೈಲಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಮ್ಮ ಮಾವ. ದೇವದುರ್ಗದ ನಮ್ಮ ಓಣಿಯಲ್ಲಿ ನಾನು ಡಿಗ್ರಿ ಮುಗಿಸಿ ಬಂದಾಗ ನೋಡಲು ಬಂದವರಿಗಿಂತ, ಮಾವನನ್ನು ಪೊಲೀಸರು ಜೀಪಿಗೆ ಹತ್ತಿಸಿದಾಗ ನೋಡಲು ಬಂದವರೇ ಹೆಚ್ಚು. ಈ ಬೇಸರ ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಮಾವ ಅಂದರೆ ನಮ್ಮವ್ವನ ತಮ್ಮ. ಕಾಲುವೆಯ ಕೊನೆಯ ತುದಿಯಲ್ಲಿ ಅವನದು ಎರಡು ಎಕರೆ ಹೊಲ. ಕೂಲಿ ಮಾಡುತ್ತಿದ್ದ ಮನೆಗೆ ಬಂದ ಮೊದಲ ನೆಲ ಅದು. ಈ ಸಲ ತನ್ನ ನೀರಿನ ಪಾಳಿ ತಪ್ಪಿಸಿದರೆಂದು ಗೇಟಿನ ಬೀಗ ಒಡೆದ. ತಡೆಯಲು ಬಂದ ನೌಕರನ ಅಂಗಿ ಹಿಡಿದು ಕಾಲುವೆಯೊಳಗೆ ಇಳಿಸಿದ. ನೀರು ಮೊಣಕಾಲಿನ ಮಟ್ಟ ಇತ್ತು. ಆದರೆ ನೌಕರ ಸರ್ಕಾರದವನು, ಹಾಗಾಗಿ ಕಾಗದದಲ್ಲಿ ಸರ್ಕಾರವೇ ನೀರಿಗೆ ಬಿದ್ದಂತಾಯಿತು. ಮಾವನನ್ನು ರಾಯಚೂರಿನ ಜೈಲಿಗೆ ಕಳಿಸಿದರು.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಓದಿದವನು ಇರುವುದು ಎಷ್ಟು ಒಳ್ಳೆಯದು ಎಂದು ಎಲ್ಲರೂ ಹೇಳಿದರು. ನನಗೂ ಹಾಗೇ ಅನಿಸಿತ್ತು. ನಾನು ಮಾನ್ವಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನ್ಯಾಯಾಂಗ ಎನ್ನುವ ಪಾಠವನ್ನು ವರ್ಷಕ್ಕೊಮ್ಮೆ ಮಾಡುತ್ತೇನೆ. ವಕೀಲರನ್ನು ನಾನೇ ಹಿಡಿದೆ. ಗಿಲ್ಲೆಸುಗೂರಿನ ನಮ್ಮ ಬೀಗರನ್ನು ಜಾಮೀನು ನಿಲ್ಲಲು ಒಪ್ಪಿಸಿ ಅವರ ಹೊಲದ ಪಹಣಿ ತರಿಸಿದೆ. ಉಳಿದದ್ದು ಒಂದೇ: ವಕಾಲತ್ತು ಪತ್ರಕ್ಕೆ ಮಾವನ ಹೆಬ್ಬೆಟ್ಟು. ಅದಿಲ್ಲದೆ ವಕೀಲರು ಅವನ ಪರವಾಗಿ ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಹೀಗೆಲ್ಲ ಆಗಿದೆ, ಕಾಗದ ಬಂದಾಗ ಹೆಬ್ಬೆಟ್ಟು ಒತ್ತು ಎಂದು ಜೈಲಿನ ವಿಳಾಸಕ್ಕೆ ಮಾವನಿಗೊಂದು ಪತ್ರವನ್ನೂ ಬರೆದು ಹಾಕಿದೆ. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು, ರಾಯಚೂರಿಗೆ ಹೋಗಲು ಪುರುಸೊತ್ತಿರಲಿಲ್ಲ.

ವಕೀಲರ ಕಡೆಯವರು ವಕಾಲತ್ತು ಹಿಡಿದು ಜೈಲಿಗೆ ಹೋದರು. ಮಾವ ಒತ್ತಲಿಲ್ಲ. ಎರಡನೆಯ ಸಲ ಹೋದರು. ಆಗಲೂ ಒತ್ತಲಿಲ್ಲ. ಯಾಕೆಂದು ಕೇಳಿದರೆ ಕೈ ಕಟ್ಟಿಕೊಂಡು ನಿಂತನಂತೆ. ಅತ್ತೆ ಭೇಟಿಗೆ ಹೋಗಿ ಅತ್ತುಕೊಂಡು ಬಂದಳು. "ಮನ್ಯಾಗಿನ ಕಾಗದಪತ್ರ ಹುಷಾರು ಅಂದ ನೋಡಪ್ಪಾ. ಅಷ್ಟ ಅಂದ. ಮಕ್ಕಳು ಹ್ಯಾಂಗದಾವ ಅಂತ ಸೈತ ಕೇಳಲಿಲ್ಲ" ಎಂದಳು. ವಕೀಲರು ನನಗೆ ಫೋನ್ ಮಾಡಿ, "ಎರಡು ದಿನಕ್ಕ ಕೋರ್ಟಿಗೆ ಬ್ಯಾಸಗಿ ರಜಾ ಬೀಳ್ತದ ಮಾಸ್ತರ. ಆಮ್ಯಾಲ ಓಡಾಟ ಜಾಸ್ತಿ ಆಗ್ತದ. ನಿಮ್ಮ ಮಾವಗ ಹೊರಗ ಬರೋದು ಮನಸ್ಸದನೋ ಇಲ್ಲೋ ಕೇಳ್ರಿ" ಎಂದರು.

ನಾನು ಬಿ.ಎಡ್‌ನಲ್ಲಿ ಮನಃಶಾಸ್ತ್ರ ಓದಿದವನು. ತಕ್ಷಣ ಕಾರಣ ಹೊಳೆಯಿತು. ಜೈಲಿನಲ್ಲಿ ಬಹಳ ದಿನ ಇದ್ದವರಿಗೆ ಹೊರಗಿನ ಲೋಕವೇ ಹೆದರಿಕೆ ಹುಟ್ಟಿಸುತ್ತದೆ ಎಂದು ಎಲ್ಲೋ ಓದಿದ್ದೆ. ಹೊತ್ತಿಗೆ ಸರಿಯಾಗಿ ಊಟ, ನೀರಿನ ಪಾಳಿಯ ಜಗಳವಿಲ್ಲ, ಬೆಳಿಗ್ಗೆ ಎದ್ದು ಹೊಲಕ್ಕೆ ಓಡುವುದಿಲ್ಲ. ಮಾವನಿಗೆ ಜೈಲು ಹಿಡಿಸಿಬಿಟ್ಟಿದೆ. ಅವ್ವನಿಗೆ ಇದನ್ನು ಬಿಡಿಸಿ ಹೇಳಿದೆ. ಅವ್ವ ಹಿಟ್ಟು ಕಲಸುತ್ತಿದ್ದಳು. "ಅವ ಒಳಗ ಹೋಗಿ ಇಪ್ಪತ್ತು ದಿನ ಆತು. ಇಪ್ಪತ್ತು ದಿನಕ್ಕ ಹಿಡಿಸ್ತದೇನು?" ಎಂದಳು. ಅದು ಮನಸ್ಸಿನ ವಿಷಯ, ನಿನಗೆ ತಿಳಿಯುವುದಿಲ್ಲ ಎಂದು ಹೇಳಿ ಮರುದಿನ ಬೆಳಿಗ್ಗೆ ರಾಯಚೂರಿನ ಬಸ್ಸು ಹತ್ತಿದೆ.

ಸೆಂಟ್ರಲ್ ಜೈಲಿನ ಬಿಗಿಯೂ ಇಲ್ಲದ, ತಾಲೂಕಿನ ಸಬ್‌ಜೈಲಿನ ಸಡಿಲವೂ ಇಲ್ಲದ ಮಧ್ಯಮ ತರಗತಿಯ ಜೈಲು ಅದು. ಹೊರಗಿನ ಗೋಡೆಗೆ ಅಂಟಿದ ನೆರಳಿನಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ಕೂತಿದ್ದರು. ಭೇಟಿಗೆ ನಮ್ಮ ಕಡೆ ಇನ್ನೂ ಮುಲಾಖತ್ ಎಂದೇ ಅನ್ನುತ್ತಾರೆ. ನಿಜಾಮ ಹೋದ, ಆದರೆ ಜೈಲು, ಕಚೇರಿ, ಜಮೀನಿನ ಮಾತುಗಳನ್ನೆಲ್ಲ ನಮಗೇ ಬಿಟ್ಟು ಹೋದ. ನನ್ನ ಪಕ್ಕದಲ್ಲಿ ಮಾನ್ವಿ ಕಡೆಯ ಒಬ್ಬ ಮುದುಕಿ. ಮಗ ಒಳಗಿದ್ದ, ಪ್ರತಿ ವಾರ ಬರುವವಳು. ಓದು ಬರುವುದಿಲ್ಲ, ಆದರೆ ಮುಲಾಖತ್ ಅರ್ಜಿಯ ಯಾವ ಕಾಲಂನಲ್ಲಿ ಏನು ತುಂಬಬೇಕೆಂದು ಬಾಯಿಪಾಠ.

ನಾನು ಸಂಬಂಧ ಎನ್ನುವ ಕಡೆ 'ಅಳಿಯ' ಎಂದು ತುಂಬಿ ಕೊಟ್ಟೆ. ಬಾಗಿಲಿನ ಪೇದೆ ಅರ್ಜಿ ವಾಪಸ್ ಚಾಚಿದ. "ಅಳಿಯ ಅಂದ್ರ? ಮಗಳ ಗಂಡನೋ, ಅಕ್ಕನ ಮಗನೋ?"

"ಅಕ್ಕನ ಮಗ."

"ಹಂಗಂತ ಬರೀರಿ ಮತ್ತ. ಓದಿದವರು ಅರ್ಧ ಬರೀತೀರಿ, ಉಳಿದರ್ಧ ನಾವು ಕೇಳಿ ತಿಳಕಾಬೇಕು."

ಮುದುಕಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನ್ನ ಮರ್ಯಾದೆ ಸ್ವಲ್ಪ ಮೇಲೆತ್ತೋಣವೆಂದು ನಾನು ಆಕೆಗೆ ಲೋಕಜ್ಞಾನ ಹೇಳತೊಡಗಿದೆ. ಅಮೆರಿಕದಲ್ಲಿ ಕೆಲವು ಜೈಲುಗಳನ್ನು ಖಾಸಗಿ ಕಂಪನಿಗಳೇ ನಡೆಸುತ್ತವೆ, ಒಳಗೆ ಜನ ಇದ್ದಷ್ಟೂ ಕಂಪನಿಗೆ ಲಾಭ, ಎಂದೆ.

"ಹಂಗಾದ್ರ ನನ್ನ ಮಗನ್ನ ಅವರು ಬಿಡಂಗೇ ಇಲ್ಲ ತಗೋರಿ" ಎಂದಳು ಮುದುಕಿ. "ಚಲೋ ದುಡಿತಾನ." ಆಮೇಲೆ ಸೇರಿಸಿದಳು: "ನಮ್ಮೂರಿಗೊಂದು ಪ್ರೈವೇಟ್ ಸಾಲಿ ಬಂದದ. ಟೈ, ಬೂಟು, ಪಾಟಿಚೀಲ ಎಲ್ಲಾ ಅವರ ಹಂತ್ಯಾಕೇ ತಗಾಬೇಕು. ಜೈಲೂ ಹಂಗ ಆದ್ರ ಬೇಡಿ ಸೈತ ಅವರ ಹಂತ್ಯಾಕೇ ತಗಾಬೇಕಾಗ್ತದ. ಮತ್ತ ಸೀಟು ಸಿಗಾಕ ಶಿಫಾರಸು ಬೇರೆ."

ಹದಿನೈದು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಖಾಸಗೀಕರಣವನ್ನು ಇಷ್ಟು ಚಿಕ್ಕದಾಗಿ ಹೇಳಲು ಎಂದೂ ಆಗಿಲ್ಲ.

ನನ್ನ ಸರದಿ ಬಂತು. ಒಳಗೆ ಉದ್ದನೆಯ ಕೋಣೆ, ನಡುವೆ ತಂತಿಯ ಜಾಲರಿ. ಈ ಕಡೆ ನಾವು, ಆ ಕಡೆ ಅವರು. ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುವುದರಿಂದ ಯಾರ ಮನೆಯ ಗುಟ್ಟು ಯಾರಿಗೆ ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ಮಾವ ಬಂದ. ಗಡ್ಡ ಬೋಳಿಸಿದ್ದ, ಅಂಗಿ ಒಗೆದದ್ದಿತ್ತು. ನೋಡಿದಿಯಾ, ಜೈಲು ಹಿಡಿಸಿದೆ ಎಂದು ನನ್ನ ಮನಃಶಾಸ್ತ್ರ ಒಳಗೇ ಪಿಸುಗುಟ್ಟಿತು.

"ಆರಾಮ ಅದಿಯೇನು ಮಾವಾ?"

"ನೀ ಆರಾಮ ಇದ್ದರ ಸಾಕಲ್ಲ."

"ಊಟ ಹ್ಯಾಂಗದ?"

"ಅದ. ಮುಂಜಾನೆ ಎಣಸ್ತಾರ, ಸಂಜಿಕ ಎಣಸ್ತಾರ. ನಡುವ ಉಣ್ಣಾಕ ಕೊಡ್ತಾರ. ನಾವು ಕುರಿ ಕಾಯ್ತಿದ್ವಲ್ಲ, ಅದರಂಗ. ಫರಕ್ಕೇನಂದ್ರ ಕುರಿಗೆ ಹೊರಗ ಬಿಡ್ತಿದ್ವಿ."

"ಮತ್ತ ಹೊರಗ ಬರಾಕ ಹೆಬ್ಬಟ್ಟು ಯಾಕ ಒತ್ತವಲ್ಲಿ?"

"ಒತ್ತಂಗಿಲ್ಲ."

"ಅಲ್ಲೋ ಮಾವಾ, ನಿನ್ನ ಮನಸ್ಸಿಗೆ ಏನಾಗ್ಯದ ಅಂತ ನನಗ ಗೊತ್ತದ" ಎಂದು ನಾನು ಶುರು ಮಾಡಿದೆ. ಮನುಷ್ಯ ಗೋಡೆಗೆ ಹೊಂದಿಕೊಳ್ಳುವುದು, ಸ್ವಾತಂತ್ರ್ಯದ ಭಯ, ಇತ್ಯಾದಿ. ತರಗತಿಯಲ್ಲಿ ಹೇಳುವ ಹಾಗೆ ಬೆರಳು ಎತ್ತಿ ಹೇಳಿದೆ. ಪಕ್ಕದಲ್ಲಿ ಮಗನ ಜೊತೆ ಮಾತಾಡುತ್ತಿದ್ದ ಮುದುಕಿಯೂ ಮಾತು ನಿಲ್ಲಿಸಿ ಕೇಳತೊಡಗಿದಳು. ಮಾವ ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ:

"ನಿನ್ನ ಹಾಸ್ಟೆಲಿಗೆ ಬಿಟ್ಟು ಬರಾಗ ಬಸ್ಸಿನ್ಯಾಗ ಅತ್ಕೊಂತ ಬಂದಿದ್ದೆ. ಕಲತು ದೊಡ್ಡಾವ ಆಗಲಿ ಅಂತ. ಕಲತದ್ದು ಮೊದಲ ನನ್ನ ಮ್ಯಾಲೇ ತೋರಸ್ತಿ ಅಂತ ಗೊತ್ತಿರಲಿಲ್ಲ."

"ಏನ್ ತೋರಸೀನಿ?"

ಮಾವ ಜೇಬಿನಿಂದ ನನ್ನ ಪತ್ರ ತೆಗೆದ. ಮಡಿಕೆ ಮಡಿಕೆಯೂ ಸವೆದಿತ್ತು. ಜಾಲರಿಗೆ ಒತ್ತಿ ಹಿಡಿದು, "ಓದು. ನಿಂದೇ ಅಕ್ಷರ" ಎಂದ.

ಓದಿದೆ. "ಪೂಜ್ಯ ಮಾವನವರಿಗೆ ನಮಸ್ಕಾರಗಳು. ತಮ್ಮ ಜಮೀನಿಗಾಗಿ ಘನ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ನಿರ್ಧರಿಸಿದ್ದೇನೆ. ಪಹಣಿ ಸಿದ್ಧವಿದೆ. ವಕೀಲರು ತರುವ ಕಾಗದಕ್ಕೆ ಮರುಮಾತಿಲ್ಲದೆ ಹೆಬ್ಬೆಟ್ಟು ಒತ್ತಿ ಕಳಿಸತಕ್ಕದ್ದು. ಉಳಿದದ್ದು ನನಗೆ ಬಿಡಿ."

ಮೊದಲ ಸಲ ಓದಿದಾಗ ನನಗೆ ಏನೂ ಕಾಣಲಿಲ್ಲ. ಜಾಮೀನಿಗಾಗಿ ಎಂದೇ ಓದಿಕೊಂಡೆ. ಎರಡನೆಯ ಸಲ ಕಂಡಿತು. 'ಜಾ' ಇರಬೇಕಾದಲ್ಲಿ ಬರೀ 'ಜ' ಕೂತಿತ್ತು. ಒಂದು ದೀರ್ಘ ಬಿಟ್ಟಿದ್ದೆ. ಬಿಡುಗಡೆಯ ಜಾಮೀನು ಹೋಗಿ ಹೊಲದ ಜಮೀನು ಆಗಿತ್ತು. ಕೆಳಗೆ ಪತ್ರವನ್ನು ಪರಿಶೀಲಿಸಲಾಗಿದೆ ಎಂದು ಜೈಲಿನ ಮೊಹರು ಬಿದ್ದಿತ್ತು. ಪರಿಶೀಲಿಸಿದ ಅಧಿಕಾರಿಯೂ ನನ್ನಂತೆಯೇ ಓದಿದವರು, ತಪ್ಪನ್ನು ತಾವೇ ಮನಸ್ಸಿನಲ್ಲಿ ತಿದ್ದಿಕೊಂಡು ಮುಂದೆ ಹೋಗಿರಬೇಕು. ಹೆಚ್ಚು ಓದಿದವರ ಕಣ್ಣಿಗೆ ಬರೆದದ್ದು ಬೀಳುವುದಿಲ್ಲ, ಬರೆದಿರಬೇಕಾದದ್ದು ಬೀಳುತ್ತದೆ. ಮಾವನಿಗೆ ಪತ್ರ ಓದಿ ಹೇಳಿದವನು ಮಾತ್ರ ಅದೇ ಬ್ಯಾರಕ್ಕಿನ ಒಬ್ಬ ಕೈದಿ, ನಾಲ್ಕನೇ ಇಯತ್ತೆಯವರೆಗೆ ಶಾಲೆ ಕಂಡವನು. ಅಕ್ಷರದ ಕೆಳಗೆ ಬೆರಳಿಟ್ಟು, ಇದ್ದದ್ದನ್ನು ಇದ್ದ ಹಾಗೆ ಓದುವವನು.

"ಮೂರು ಸಲ ಓದಿಸೀನಿ" ಎಂದ ಮಾವ. "ಮೂರೂ ಸಲ ಜಮೀನೇ ಬಂತು. ನಾ ಒಳಗ ಕುಂತಿದ್ದು ನೋಡಿ ಹೊಲ ಬರಸ್ಕೊಳ್ಳಾಕ ನಿಂತ್ಯಲ್ಲ."

"ಅಲ್ಲೋ ಮಾವಾ, ಅದು ಜಾಮೀನು. ಜಾ. ನಿನ್ನ ಬಿಡಸಾಕ."

"ಜಾ ಎಲ್ಲಿ ಅದ? ತೋರಸು."

"ಬರಿಯಾಗ ಬಿಟ್ಟೀನಿ."

"ಪಹಣಿ ಸಿದ್ಧ ಅದ ಅಂತ ಬರದಿ. ಅದರಾಗೇನು ಬಿಟ್ಟಿ?"

"ಅದು ಗಿಲ್ಲೆಸುಗೂರು ಬೀಗರದು. ಜಾಮೀನು ನಿಂದ್ರಾವರು ತಮ್ಮ ಹೊಲದ ಕಾಗದ ಕೊಡಬೇಕಾಗ್ತದ."

"ನೋಡು, ಮತ್ತ ಹೊಲಕ್ಕೇ ಬಂತು."

ಪೇದೆ ಹೊತ್ತಾಯಿತೆಂದು ಕೋಲು ಕುಟ್ಟಿದ. ನಾಳೆ ಒಂದೇ ದಿನ ಕೋರ್ಟು, ಅವ್ವನ ಆಣೆ, ನಿನ್ನ ಹೊಲ ನನಗೆ ಬೇಡ ಎಂದೆಲ್ಲ ಹೇಳಿದೆ. ಮಾವನ ಮುಖ ಸಡಿಲಲಿಲ್ಲ. ಆದರೂ ಹೇಳಿದ: "ಆ ವಕಾಲತ್ತು ಒಳಗ ಕೊಡು. ನೀ ಓದಬ್ಯಾಡ. ನಮ್ಮ ಬ್ಯಾರಕ್ಕಿನ ಹುಡುಗ ಓದ್ತಾನ. ಹೊಲದ ಸುದ್ದಿ ಇರಲಿಲ್ಲಂದ್ರ ಒತ್ತತೀನಿ. ಆದ್ರ ಅದಕ್ಕ ಮೊದಲ ನೀ ಒಂದು ಕಾಗದ ಬರಕೊಡು. ಈ ಹೊಲ ಮಾವಂದು, ನನಗ ಸಂಬಂಧ ಇಲ್ಲ ಅಂತ."

"ಬರದು ಸಹಿ ಮಾಡಿ ಕಳಸ್ತೀನಿ."

"ಸಹಿ ಬ್ಯಾಡ. ಸಹಿ ನಿನ್ನ ಕೈಯಾಗಿನ ಆಟ, ನಾಳೆ ನಂದಲ್ಲ ಅಂತಿ. ಹೆಬ್ಬಟ್ಟು ಒತ್ತು."

ಹೊರಗೆ ಬಂದು, ವಕೀಲರಿಂದ ಇಸಿದುಕೊಂಡು ತಂದಿದ್ದ ವಕಾಲತ್ತನ್ನು ಪೇದೆಯ ಕೈಗೆ ಕೊಟ್ಟೆ. ಜೈಲರ್ ಸಾಹೇಬರ ಮುಂದೆ ಓದಿಸಿ, ಹೆಬ್ಬೆಟ್ಟು ಬಿದ್ದರೆ ಮೊಹರು ಹಾಕಿಸಿ ತರುತ್ತೇನೆ ಎಂದ. ಗೋಡೆಯ ನೆರಳಿನಲ್ಲಿ ಕೂತು ಬಿಳಿ ಹಾಳೆಯ ಮೇಲೆ ಬರೆದೆ. ಎರಡು ಸಾಲು. ಜಮೀನು ಎನ್ನುವ ಪದ ಬಂದಾಗ ನಿಲ್ಲಿಸಿ ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಿದೆ. ಇಲ್ಲಿ ದೀರ್ಘ ಬೇಡ. ಬರೆದದ್ದನ್ನು ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ಆಮೇಲೆ ಬಾಗಿಲಿಗೆ ಹೋಗಿ ಇಂಕ್ ಪ್ಯಾಡ್ ಕೇಳಿದೆ.

ಪೇದೆ ನನ್ನ ಇಸ್ತ್ರಿ ಅಂಗಿ, ಜೇಬಿನ ಪೆನ್ನು ಎರಡನ್ನೂ ನೋಡಿದ. "ಯಾಕ್ರೀ ಮಾಸ್ತರ, ಸಹಿ ಬರಂಗಿಲ್ಲೇನು?"

ಹೆಬ್ಬೆಟ್ಟು ಮಸಿಗೆ ಅದ್ದಿ ಹಾಳೆಗೆ ಒತ್ತಿದೆ. ಕಪ್ಪು ಕಲೆಯೊಂದು ಬಿತ್ತು, ಗೆರೆ ಒಂದೂ ಇಲ್ಲ. ಅಷ್ಟರಲ್ಲಿ ಹೊರಗೆ ಬಂದಿದ್ದ ಮುದುಕಿ ಬಗ್ಗಿ ನೋಡಿದಳು. "ಹಂಗ ಕುಟ್ಟಬಾರದ್ರಿ. ಆ ಕಡೆಯಿಂದ ಈ ಕಡೆ ಹಗೂರಕ ಹೊರಳಸ್ರಿ. ಕಲೀರಿ, ಕಲಿಯೋದು ನಿಮಗೇನು ಹೊಸದು" ಎಂದಳು. ನನ್ನ ಬೆರಳನ್ನು ಹಿಡಿದು, ಹಿಟ್ಟಿನ ಉಂಡೆ ಹೊರಳಿಸುವ ಹಾಗೆ ಹೊರಳಿಸಿದಳು. ಗೆರೆಗಳೆಲ್ಲ ಚೆನ್ನಾಗಿ ಮೂಡಿದವು. ಆ ಹಾಳೆಯೂ ಒಳಗೆ ಹೋಯಿತು.

ವಕಾಲತ್ತು ಚಿಕ್ಕ ಕಾಗದ. ನಾನಾಗಿದ್ದರೆ ಓದದೆಯೇ ಸಹಿ ಹಾಕುತ್ತಿದ್ದೆ. ನಾಲ್ಕನೇ ಇಯತ್ತೆಯವನು ಅದನ್ನು ಬೆರಳಿಟ್ಟು ಓದಿ ಮುಗಿಸುವ ಹೊತ್ತಿಗೆ ನೆರಳು ಗೋಡೆ ಬಿಟ್ಟು ರಸ್ತೆಗೆ ಬಂದಿತ್ತು. ಕೊನೆಗೆ ಪೇದೆ ಕಾಗದ ತಂದುಕೊಟ್ಟ. ಮಾವನ ಹೆಬ್ಬೆಟ್ಟು ಬಿದ್ದಿತ್ತು, ಪಕ್ಕದಲ್ಲಿ ಜೈಲಿನ ಮೊಹರು. ಮರುದಿನ ಅರ್ಜಿ ಸೇರಿತು, ಜಾಮೀನು ಸಿಕ್ಕಿತು.

ಮಾವ ಹೊರಗೆ ಬಂದ ದಿನ ಅವನ ಕೈಯಲ್ಲಿ ಒಂದು ಚೀಲ, ಜೇಬಿನಲ್ಲಿ ನನ್ನ ಹೆಬ್ಬೆಟ್ಟಿನ ಕಾಗದ. ಎಲ್ಲ ಮುಗಿಯಿತಲ್ಲ, ಅದನ್ನು ಕೊಡು ಮಾವಾ, ಹರಿದು ಹಾಕುತ್ತೇನೆ ಎಂದೆ. ಮಾವ ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಇರಲಿ ಬಿಡು. ನೀ ಇನ್ನೂ ಬರಿಯಾಂವ ಅದಿ."