ನಿಲ್ಲಿಸಬಾರದ ಕಾರು

ಹಳದಿ ದೀಪ ಮೊದಲ ಸಲ ಹತ್ತಿಕೊಂಡದ್ದು ಕಾಲೇಜಿನ ಗೇಟಿನ ಹತ್ತಿರ. ಸ್ಟೇರಿಂಗಿನ ಹಿಂದೆ, ಮೀಟರುಗಳ ನಡುವೆ ಒಂದು ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ ಚುಕ್ಕಿಗಳು. ನಾನು ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಚುಕ್ಕಿ ಕಂಡರೆ ಕಣ ಎಂದೇ ಓದುವ ಅಭ್ಯಾಸ. ಆದರೆ ಅವತ್ತು ಓದುವ ಮನಸ್ಸಾಗಲಿಲ್ಲ. ಒಬ್ಬಳೇ ಇರುವ ಮನೆಯಲ್ಲಿ ವಸ್ತುಗಳು ಸರದಿಯ ಮೇಲೆ ಕೆಡುತ್ತವೆ. ಮೊದಲು ಬೋರಿನ ಮೋಟರು, ಆಮೇಲೆ ಗೀಸರು. ಇದೂ ಒಂದು ಇರಲಿ ಎಂದು ಕ್ಲಾಸಿಗೆ ಹೋದೆ.

ಕಾರು ನಮ್ಮ ಮನೆಯವರದು. ಅವರು ಹನಿ ನೀರಾವರಿ ಪೈಪು, ಪಂಪು ಮಾರುತ್ತಿದ್ದರು. ಬೆಳಿಗ್ಗೆ ಪಾವಗಡದಲ್ಲಿದ್ದರೆ ಮಧ್ಯಾಹ್ನ ಶಿರಾ, ಸಂಜೆಗೆ ಕೊರಟಗೆರೆ ದಾಟಿ ತೋವಿನಕೆರೆ. ಆ ತಿರುಗಾಟ ನೋಡಿಯೇ ಡೀಸೆಲ್ ಗಾಡಿ ತಗೊಂಡಿದ್ದು. ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ಈಗ ಅದೇ ಗಾಡಿ ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ. ಎರಡು ತಿರುವು, ಒಂದು ಹಂಪು, ಅಷ್ಟೇ. ಎಂಜಿನ್ ಬೆಚ್ಚಗಾಗುವ ಮೊದಲೇ ಕೀಲಿ ತಿರುಗಿಸಿ ಇಳಿದುಬಿಡುತ್ತೇನೆ. ದಿನಾ ಓಡಿಸುತ್ತಿದ್ದೇನಲ್ಲ, ಇನ್ನೇನು ಬೇಕು ಇದಕ್ಕೆ ಎಂಬುದು ನನ್ನ ಧೈರ್ಯ.

ದೀಪ ಆರದೇ ಹೋದಾಗ ಶಿರಾಕ್ಕೆ ಹೋದೆ. ಅಲ್ಲಿ ನಮ್ಮ ಮನೆಯವರ ಗಾಡಿಗಳನ್ನೆಲ್ಲ ನೋಡುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದಾರೆ, ಸಾಹೇಬರು. ತಂದೆಯ ಕಾಲದ ಗ್ಯಾರೇಜು. ಕಾರಿಗೆ ವೈರು ಚುಚ್ಚಿ ಲ್ಯಾಪ್‌ಟಾಪು ನೋಡಿದರು.

"ಮೇಡಂ, ಖರಾಬಿ ಏನೂ ಇಲ್ಲ. ಹೊಗೆ ಹೋಗೋ ಪೈಪಲ್ಲಿ ಒಂದು ಫಿಲ್ಟರ್ ಐತೆ, ಮಸಿ ಹಿಡಿಯೋದು. ಅದು ತುಂಬ್ಕೊಂಡೈತೆ. ಲಂಬಾ ರೋಡಲ್ಲಿ ಅರ್ಧ ಗಂಟೆ ಒಂದೇ ಸಮ ಓಡ್ಸಿ. ಬಿಸಿ ಏರಿ ಮಸಿ ಸುಟ್ಟೋಗುತ್ತೆ. ನಡುವೆ ಮಾತ್ರ ಬಂದ್ ಮಾಡ್ಬೇಡಿ."

"ಎಲ್ಲಿಗೆ ಓಡಿಸಲಿ?" ಎಂದೆ.

"ಎಲ್ಲಿಗಾದ್ರೂ," ಅಂದರು ಅವರು, ಕೈ ಒರೆಸಿಕೊಳ್ಳುತ್ತಾ.

ಎಲ್ಲಿಗಾದರೂ ಎನ್ನುವುದು, ಹೋದ ಕಡೆ ಬಾಗಿಲು ತೆಗೆಯುವವರು ಇರುವವರ ಮಾತು. ನನ್ನ ತವರಿನಲ್ಲಿ ಈಗ ಯಾರೂ ಇಲ್ಲ. ಮಕ್ಕಳಾಗಲಿಲ್ಲ. ಮೈದುನನ ಮನೆಗೆ ಹೋದರೆ ಅವನ ಹೆಂಡತಿ ಮೊದಲು ಕೇಳುವುದೇ ಯಾವಾಗ ಹೊರಡುತ್ತೀರಿ ಎಂದು. ಹಾಗಾಗಿ ಶಿರಾದಿಂದಲೇ ಹೆದ್ದಾರಿ ಹಿಡಿದು ಹಿರಿಯೂರಿನ ಕಡೆ ಒಂದಷ್ಟು ದೂರ ಹೋಗಿ, ಯಾವುದೋ ಡಾಬಾದ ಮುಂದೆ ತಿರುಗಿಸಿಕೊಂಡು ಬಂದೆ. ಲಾರಿಗಳು, ಬೋರ್ಡುಗಳು, ಮತ್ತೆ ಲಾರಿಗಳು. ದೀಪ ಆರಿತು. ಆ ರಸ್ತೆಯಲ್ಲಿ ನಾನು ಸತ್ತರೂ ಗುರುತು ಹಿಡಿಯುವವರಿಲ್ಲ ಅನ್ನಿಸಿ, ಮನೆಗೆ ಬಂದವಳೇ ಒಲೆ ಹಚ್ಚದೆ ಮಲಗಿದೆ.

ಕೆಲವು ವಾರಕ್ಕೆ ದೀಪ ಮತ್ತೆ ಬಂತು. ಬಾಯಿ ತಪ್ಪಿ ಮೈದುನನಿಗೆ ಹೇಳಿದೆ.

"ಮಾರ್ಬುಡಿ ಅತ್ತಿಗೆ," ಅಂದ ಫೋನಿನಲ್ಲಿ. "ನೀವೊಬ್ರು ಓಡಾಡಕ್ಕೆ ಸ್ಕೂಟಿ ಸಾಕು. ಇಲ್ಲಾಂದ್ರೆ ಆ ಫಿಲ್ಟರ್ ಕಿತ್ತಾಕಿ ಖಾಲಿ ಪೈಪ್ ಹಾಕ್ಸಿ. ಎಷ್ಟೋ ಜನ ಹಾಕ್ಸವ್ರೆ."

"ಹಾಕಿಸಿದರೆ ಆ ಮಸಿ ಎಲ್ಲಿಗಪ್ಪ ಹೋಗುತ್ತೆ? ಗೇಟಲ್ಲಿ ನಿಂತಿರೋ ನಮ್ಮ ಹುಡುಗೀರ ಎದೆಗೆ ತಾನೆ?" ಎಂದೆ. ಅವನು ಏನೋ ಕೆಲಸವಿದೆ ಎಂದು ಫೋನಿಟ್ಟ.

ಕೋಪ ಬಂದದ್ದು ಮಸಿಗಲ್ಲ, ಮಾರುವ ಮಾತಿಗೆ. ಅವರ ಅಂಗಿಗಳನ್ನು ಕೊಟ್ಟಾಗ, ಮಂಚ ಬದಲಾಯಿಸಿದಾಗ ನನಗೆ ಅಳು ಬರಲಿಲ್ಲ. ಕಾರು ಮಾರುವ ಮಾತು ಮಾತ್ರ ಸಹಿಸಲು ಆಗುತ್ತಿರಲಿಲ್ಲ. ಏಕೆಂದು ತಿಳಿದದ್ದು ಮುಂದಿನ ಭಾನುವಾರ, ಮಸಿ ಸುಡಲು ಹೆದ್ದಾರಿ ಬಿಟ್ಟು ಅವರ ಹಳೆಯ ಪಾವಗಡದ ದಾರಿ ಹಿಡಿದಾಗ.

ಮಿಡಿಗೇಶಿಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಕಾರು ಕಂಡ ತಕ್ಷಣ ಕೈ ಎತ್ತಿದರು. ಅನುಮಾನದ ಕೈಯಲ್ಲ, ನಿಂತೇ ನಿಲ್ಲುತ್ತದೆ ಎಂಬ ಕೈ. ನಿಲ್ಲಿಸಿದೆ. ಬಗ್ಗಿ ನೋಡಿ, ಹಿಂದಕ್ಕೆ ಸರಿದರು.

"ಸಾರ್ ಕಾರು ಅನ್ಕಂಡೆ ಕಣಮ್ಮ."

"ಸಾರ್ ಕಾರೇ. ನಾನು ಅವರ ಮನೆಯವಳು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಬಾಗಿಲು ತೆಗೆದು, ಎಷ್ಟೋ ವರ್ಷದಿಂದ ಕೂತ ಜಾಗ ಎಂಬಂತೆ ಮುಂದಿನ ಸೀಟಿನಲ್ಲಿ ಕೂತರು. ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಮಗಳು ತಿರುಮಣಿಯ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ, ಭಾನುವಾರ ಅವಳನ್ನು ನೋಡಲು ಹೊರಡುತ್ತಾರೆ. ಇನ್ನೂ ಮುಂದೆ ಒಬ್ಬ ಮುದುಕರು ಕೈ ಎತ್ತಿದರು. ಹೊಲವನ್ನೆಲ್ಲ ಪಾರ್ಕಿಗೆ ಗುತ್ತಿಗೆ ಕೊಟ್ಟು, ಹಗಲು ಕಳೆಯಲು ಪಾವಗಡದಲ್ಲಿ ಗೆಳೆಯರ ಜೊತೆ ಚೌಕಾಬಾರ ಆಡಲು ಹೋಗುವವರು. "ಬಾಗುನ್ನಾವಾ ತಲ್ಲೀ?" ಎಂದು ಕ್ಷೇಮ ಕೇಳುತ್ತಾ ಹಿಂದೆ ಹತ್ತಿಕೊಂಡು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತು ಶುರು ಮಾಡಿದರು.

ನನ್ನ ಗಂಡ ದಿನವಿಡೀ ಇಷ್ಟೊಂದು ಜನರ ಜೊತೆ ಇರುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅವರು ಮಾತಿನ ಮನುಷ್ಯರಲ್ಲ. ಈ ಕಾರಿನಲ್ಲಿ ಹಾಡು ಹೇಳುತ್ತಿದ್ದರಂತೆ. ಹೊಟ್ಟೆಕಿಚ್ಚು ಆಯಿತು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಸಂತೋಷವೂ ಆಯಿತು.

ನಮ್ಮ ಕಡೆ ಯಾರನ್ನಾದರೂ ಮನೆಯ ತನಕ ಬಿಟ್ಟರೆ ಹಾಗೇ ಹೊರಡುವಂತಿಲ್ಲ. ಒಂದು ಲೋಟ ಮಜ್ಜಿಗೆಯಾದರೂ ಕುಡಿಯಬೇಕು. ಮಜ್ಜಿಗೆ ಕುಡಿಯುವಾಗ ಎಂಜಿನ್ ಗುರುಗುಟ್ಟುತ್ತಿದ್ದರೆ, ನಿಮ್ಮ ಮನೆ ನೀರು ಗಂಟಲಲ್ಲಿ ಇಳಿಯುತ್ತಿಲ್ಲ, ಬೇಗ ಬಿಡಿ ಎಂದ ಹಾಗೆ. ಆದ್ದರಿಂದ ಕೀಲಿ ತಿರುಗಿಸುತ್ತಿದ್ದೆ. ಮಗಳ ಮನೆಯ ಮುಂದೆ ಒಮ್ಮೆ, ಮುದುಕರ ಗೆಳೆಯನ ಜಗಲಿಯ ಮುಂದೆ ಒಮ್ಮೆ, ದಾರಿಯಲ್ಲಿ ಕಡಲೆಕಾಯಿ ಕೊಡುತ್ತೇವೆ ನಿಲ್ಲಿಸಿ ಎಂದವರ ಹೊಲದ ಬದುವಿನಲ್ಲಿ ಒಮ್ಮೆ. ಮಸಿ ಸುಡಲು ಬೇಕಾದ ಬಿಸಿ ಎಷ್ಟು, ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಆದರೂ ಕೀಲಿ ತಿರುಗಿಸುತ್ತಿದ್ದೆ. ಇಳಿದಾಗ ಬಾನೆಟ್ಟಿನ ಕೆಳಗೆ ಫ್ಯಾನು ಬುಸುಗುಡುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಕೇಳಿಸದ ಹಾಗೆ ಒಳಗೆ ಹೋಗುತ್ತಿದ್ದೆ.

ಭಾನುವಾರಕ್ಕೆ ಕಾಯುವಂತಾದೆ. ಶನಿವಾರವೇ ಸೀಟು ಒರೆಸಿಡುತ್ತಿದ್ದೆ. ಸಂಜೆ ಬರುವಾಗ ಡಿಕ್ಕಿಯಲ್ಲಿ ಹುಣಸೆಹಣ್ಣು, ಅವರೆಕಾಯಿ, ಯಾರದೋ ಹಿತ್ತಲ ಪರಂಗಿಹಣ್ಣು. ಒಬ್ಬಳಿಗೆ ಇಷ್ಟು ತಿನ್ನಲು ಆಗುತ್ತದೆಯೇ? ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದೆ. ಹಳದಿ ದೀಪ ಒಂದು ದಿನವೂ ಆರಲಿಲ್ಲ.

ಕೊನೆಗೆ ಒಂದು ಭಾನುವಾರ ವಾಪಸ್ಸು ಬರುತ್ತಾ ಏರಿನಲ್ಲಿ ಕಾರು ಸೋತ ಎತ್ತಿನಂತಾಯಿತು. ಎಷ್ಟು ತುಳಿದರೂ ವೇಗ ಏರದು. ಇನ್ನೊಂದು ದೀಪವೂ ಹತ್ತಿತ್ತು. ತೆವಳಿಕೊಂಡು ಊರು ಸೇರಿ, ಮಾರನೇ ದಿನ ರಜೆ ಹಾಕಿ ಶಿರಾಕ್ಕೆ ಹೋದೆ. ಸಾಹೇಬರು ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿದರು. ಗುರುತಿನ ಗೆರೆಗಿಂತ ಆಯಿಲ್ ಮೇಲಕ್ಕೆ ಬಂದಿತ್ತು.

"ಮಸಿ ಸುಡಕ್ಕೆ ಬಿಟ್ಟ ಡೀಸೆಲ್ ಇಳಿದೈತೆ ಆಯಿಲ್ಗೆ. ಸುಡಕ್ಕೆ ಶುರು ಮಾಡಿದಾಗೆಲ್ಲ ಬಂದ್ ಮಾಡಿದೀರಾ ನೀವು. ಯಾಕೆ ಮೇಡಂ?"

"ಜನ ಕೈ ಎತ್ತುತ್ತಾರೆ," ಎಂದೆ.

ಅವರು ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಗ್ಯಾರೇಜಿನಲ್ಲೇ ನಿಲ್ಲಿಸಿ, ಲ್ಯಾಪ್‌ಟಾಪಿನಿಂದ ಹೇಳಿ ಮಸಿ ಸುಡಿಸಿದರು. ಆಯಿಲ್ ಬದಲಾಯಿಸಿದರು, ಇಂಥ ಫಿಲ್ಟರಿಗೆಂದೇ ಇರುವ ಆಯಿಲ್ಲೇ ಹಾಕಬೇಕು ಎಂದು ಡಬ್ಬಿ ತೋರಿಸಿದರು. "ಇನ್ನೊಂದ್ಸಲ ಹಿಂಗಾದ್ರೆ ಫಿಲ್ಟರ್ ಹೋಯ್ತು. ಹೊಸದು ಹಾಕ್ಸೋ ದುಡ್ಡಲ್ಲಿ ಹಳೇ ಕಾರೇ ಬರುತ್ತೆ. ಆವಾಗ ಮಾರ್ಲೇಬೇಕಾಗುತ್ತೆ ನೀವು. ದೀಪ ಬಂದಾಗ ಯಾರಿಗೂ ನಿಲ್ಲಿಸ್ಬೇಡಿ, ಬಿಲ್ಕುಲ್."

ದೀಪ ಬಂದೇ ಬಂತು, ನನ್ನ ಎರಡು ತಿರುವು ಒಂದು ಹಂಪಿನ ಜೀವನದಲ್ಲಿ ಬಾರದೆ ಇನ್ನೇನು? ಆ ಭಾನುವಾರ ಪಾವಗಡದ ದಾರಿಯಲ್ಲಿ ಒಂದೇ ಸಮ ಓಡಿಸಿದೆ. ಮಿಡಿಗೇಶಿಯಲ್ಲಿ ಆಕೆ ಕೈ ಎತ್ತಿದರು. ನಾನು ರಸ್ತೆಯನ್ನೇ ನೋಡಿದೆ. ಇನ್ನೂ ಮುಂದೆ, ತಮ್ಮ ಸ್ಟಾಪಿನಲ್ಲಿ ಮುದುಕರು ಆಗಲೇ ಎದ್ದು ಪಂಚೆ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದಿದ್ದರು. ಕನ್ನಡಿಯಲ್ಲಿ ಅವರು ಅಲ್ಲೇ ನಿಂತದ್ದು ಕಂಡಿತು. ಸ್ವಲ್ಪ ದೂರ ಹೋದ ಮೇಲೆ ದೀಪ ಆರಿತು. ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಹಾಗೇ ಬಿಟ್ಟು ಬರಲು ಆಗಲಿಲ್ಲ. ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಅವರ ಬಸ್ಸು ಬಂತು, ಇಬ್ಬರೂ ಇಳಿದರು. ನಾನು ಬಾನೆಟ್ ಎತ್ತಿ, ಪೈಪು ತೋರಿಸಿ, ಪಾಠ ಮಾಡಿದ ಹಾಗೆ ಎಲ್ಲ ಹೇಳಿದೆ. ನಿಲ್ಲಿಸಿದರೆ ಗಾಡಿ ಹಾಳಾಗುತ್ತದೆ, ಹಾಳಾದರೆ ಮಾರಬೇಕಾಗುತ್ತದೆ, ಅದಕ್ಕೇ ನಿಲ್ಲಿಸಲಿಲ್ಲ.

"ಅಷ್ಟೇಯಾ? ಹೊಗೆಗೂಡಲ್ಲಿ ಮಸಿ ಕಟ್ಟಂಗೆ ಅನ್ನಿ," ಅಂದರು ಆಕೆ. "ನಾವೇನೋ ತಪ್ಪು ಮಾಡಿದ್ವೇನೋ ಅನ್ಕಂಡ್ವಿ. ಬುಡ್ರಮ್ಮ, ಅದಕ್ಯಾಕೆ ಕಣ್ಣಲ್ಲಿ ನೀರು?" ಮುದುಕರು "ಪರವಾಲೇದು, ಪರವಾಲೇದು" ಎಂದು ಕಾರಿನ ಮೈ ತಟ್ಟಿದರು.

ನಾನು ಹಗುರಾಗಿ ಮನೆಗೆ ಬಂದೆ. ದೀಪವಿಲ್ಲದ ಭಾನುವಾರಗಳು ಇದ್ದೇ ಇವೆಯಲ್ಲ, ಆಗ ಎಲ್ಲರನ್ನೂ ಕೂರಿಸಿಕೊಳ್ಳೋಣ ಎಂದು ಲೆಕ್ಕ ಹಾಕಿದ್ದೆ.

ಮುಂದಿನ ಭಾನುವಾರ ದೀಪವಿರಲಿಲ್ಲ. ಸೀಟು ಒರೆಸಿಕೊಂಡೇ ಹೊರಟಿದ್ದೆ. ಮುದುಕರೂ ಅವತ್ತು ಏನೋ ಕೆಲಸಕ್ಕೆ ಮಿಡಿಗೇಶಿಗೆ ಬಂದು, ಆಕೆಯ ಜೊತೆ ಅಲ್ಲೇ ನಿಂತಿದ್ದರು. ಇನ್ನೂ ಮೂರ್ನಾಲ್ಕು ಜನರಿದ್ದರು. ದೂರದಿಂದ ಕಾರು ಕಂಡದ್ದೇ ಎಲ್ಲರ ಕೈ ಮೇಲೆದ್ದಿತು. ಹತ್ತಿರ ಬಂದಾಗ ತಿಳಿಯಿತು, ಅವರು ನಿಲ್ಲಿಸಿ ಎನ್ನುತ್ತಿರಲಿಲ್ಲ. ಹೋಗಿ, ಹೋಗಿ ಎಂದು ಬೀಸುತ್ತಿದ್ದರು. ನಾನು ಬ್ರೇಕ್ ಹಾಕಿ ಗಾಜು ಇಳಿಸಿದೆ.

"ಅಯ್ಯೋ, ನಿಲ್ಲಿಸ್ಬುಟ್ರಾ? ಹೋಗ್ರಮ್ಮ."

"ಇವತ್ತು ದೀಪ ಇಲ್ಲ. ಬನ್ನಿ, ಹತ್ತಿ," ಎಂದೆ. ಬೇಡಿಕೊಂಡ ಹಾಗೇ ಕೇಳಿಸಿರಬೇಕು.

"ಬ್ಯಾಡ ಕಣಮ್ಮ. ಸರ್ಕಾರಿ ಬಸ್ಸು ಬತ್ತೈತೆ, ಹೆಂಗಸ್ರಿಗೆ ಫ್ರೀ ಐತೆ. ನಮ್ಗೋಸ್ಕರ ನಿಲ್ಲಿಸಿ ನಿಲ್ಲಿಸಿ ಸಾರ್ ಕಾರು ಕೆಡಬಾರ್ದು. ಎಲ್ರಿಗೂ ಹೇಳಿವ್ನಿ, ಯಾರೂ ಕೈ ಅಡ್ಡ ಹಾಕ್ಬ್ಯಾಡಿ ಅಂತ." ಆಮೇಲೆ ಕಿಟಕಿಗೆ ಬಗ್ಗಿ, ಮೆಲ್ಲಗೆ ಅಂದರು: "ಇದೊಂದು ಹೋದ್ರೆ ನಿಮ್ಗಿನ್ನೇನೈತೆ ಹೇಳಿ?"

ಆಕೆ ಪ್ರೀತಿಯಿಂದಲೇ ಅಂದದ್ದು. ಅಷ್ಟರಲ್ಲಿ ಬಸ್ಸು ಬಂತು, ಎಲ್ಲರೂ ಹತ್ತಿದರು. ಮುದುಕರು ಕೊನೆಗೆ ಹತ್ತಿ ಹಿಂದಿನ ಸೀಟು ಹಿಡಿದರು, ಆಕೆ ಅವರ ಪಕ್ಕ.

ನಾನು ಬಸ್ಸಿನ ಹಿಂದೆ ಹೊರಟೆ. ರಸ್ತೆ ಖಾಲಿಯಿತ್ತು, ಮುಂದೆ ಹೋಗಬಹುದಿತ್ತು. ಆಕೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ಹೋಗಿ, ಜೋರಾಗಿ ಹೋಗಿ ಎಂದು ಬೀಸುತ್ತಲೇ ಇದ್ದರು. ನಾನು ಹೋಗಲಿಲ್ಲ. ಬಸ್ಸು ಸ್ಟಾಪು ಸ್ಟಾಪಿಗೂ ನಿಂತಿತು. ಅದು ನಿಂತಲ್ಲೆಲ್ಲ ನಾನೂ ನಿಂತೆ, ಪಾವಗಡದ ತನಕ.