ಘಮ ಕಳೆದುಕೊಂಡ ಪುದೀನ

ಬೀದಿಯವರೆಲ್ಲ ಅವಳನ್ನು ಪುದೀನಕ್ಕ ಎಂದೇ ಕರೆಯುತ್ತಿದ್ದರು. ಕಸುಬಿನಲ್ಲಿ ಅವಳು ದರ್ಜಿ, ಕೆಳಗಿನ ಕೋಣೆಯಲ್ಲಿ ನರ್ಸುಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕೈಕಟ್ಟಿ ಕೂರಲಾಗದೆ ತಾರಸಿಯಲ್ಲಿ ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ಹಳೆಯ ಸಿಂಕು, ಸಿಕ್ಕಿದ್ದರಲ್ಲೆಲ್ಲ ಪುದೀನ ನೆಟ್ಟಿದ್ದಳು. ಇಡೀ ಬೀದಿಯಲ್ಲಿ ಅವಳನ್ನು ಅಕ್ಕ ಎನ್ನದವನು ಒಬ್ಬನೇ, ಮೂಲೆಯ ಹೋಟೆಲಿನ ಅಡುಗೆಯವನು. ಹೆಂಡತಿಯನ್ನು ಕಳೆದುಕೊಂಡ ಆ ಮನುಷ್ಯ ಬಾಯಿ ತುಂಬ "ಪುದೀನದವರೇ" ಎನ್ನುತ್ತಿದ್ದ. ಇದರಲ್ಲೇನೋ ಇದೆ ಎಂದು ಮೊದಲು ಪತ್ತೆ ಹಚ್ಚಿದವಳು ಪುದೀನಕ್ಕನ ತಂಗಿ.

ಅಡುಗೆಯವನು ಸೂಪಿಗೆ ಸೊಪ್ಪು ಬೇಕೆಂದು ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಬರುತ್ತಿದ್ದ. ಮೊದಮೊದಲು ಒಂದು ಕಟ್ಟು ಕೇಳಿದ, ಆಮೇಲೆ ಎರಡು, ಆಮೇಲೆ ನಾಲ್ಕು. ನಾಲ್ಕು ಕಟ್ಟು ಕೊಯ್ಯಲು ಹೊತ್ತು ಹಿಡಿಯುತ್ತದೆ ನೋಡಿ, ಅಷ್ಟು ಹೊತ್ತೂ ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹರಟುತ್ತಿದ್ದ. ಪುದೀನಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೊಪ್ಪು ಸಾಲದೆ ಹೋದರೆ ಇವನು ಬೇರೆ ತಾರಸಿ ನೋಡಿಕೊಳ್ಳುತ್ತಾನೆ ಎಂಬುದೊಂದೇ ಅವಳ ಹೆದರಿಕೆ. ಹಾಗಾಗಿ ಯೂರಿಯಾ ತಂದಳು. ವಾರಕ್ಕೊಮ್ಮೆ ಒಂದು ಕೊಡ ನೀರಿಗೆ ಒಂದು ಚಮಚ ಸಾಕು ಎಂದಿದ್ದ ಗೊಬ್ಬರದ ಅಂಗಡಿಯವನು. ಮನಸ್ಸು ಕೊಟ್ಟವರಿಗೆ ಚಮಚದ ಲೆಕ್ಕ ಎಲ್ಲಿ ಹಿಡಿಸುತ್ತದೆ? ಇವಳು ಎರಡು ಚಮಚ ಹಾಕಿದಳು, ಅದೂ ದಿನ ಬಿಟ್ಟು ದಿನ.

ಪುದೀನ ಹುಚ್ಚೆದ್ದು ಬೆಳೆಯಿತು. ಎಲೆಗಳು ಕಣ್ಣೆದುರಿಗೇ ಅಗಲವಾದವು, ಬಳ್ಳಿಗಳು ಸಿಂಕು ದಾಟಿ ನೆಲಕ್ಕಿಳಿದವು.

"ಅಕ್ಕಾ, ಇದೇನೇ ಇದು? ಬಟ್ಟೆ ಒಣಗಿಸೋಕೂ ಜಾಗ ಇಲ್ವಲ್ಲೇ!" ಎಂದಳು ತಂಗಿ.

"ಹೋಗೇ, ನಿನಗೆ ಹೊಟ್ಟೆಕಿಚ್ಚು," ಎಂದು ಪುದೀನಕ್ಕ ಕಿಲಕಿಲ ನಕ್ಕಳು. ನರ್ಸೊಬ್ಬಳ ಅಂಗಿಯ ಜೇಬನ್ನು ಬೆನ್ನಿಗೆ ಹೊಲಿದು ಕಳಿಸಿದ್ದು ಅದೇ ವಾರ.

ಒಂದು ಬೆಳಿಗ್ಗೆ ಅಡುಗೆಯವನು ಒಂದು ಕಟ್ಟು ಮರೆತು ಹೋದ. ಇಂಥ ನೆಪ ಯಾರು ಬಿಡುತ್ತಾರೆ? ಪುದೀನಕ್ಕ ತಲೆ ಬಾಚಿಕೊಂಡು ಹೋಟೆಲಿನ ಹಿಂಬಾಗಿಲಿಗೆ ಓಡಿದಳು. ಅವನು ಒಳಗೆ ಪುದೀನ ಹೆಚ್ಚುತ್ತಿದ್ದ. ಅದು ಸಣ್ಣ ಎಲೆಯ ಪುದೀನ, ಘಮ ಬಾಗಿಲಿಗೇ ಬಂದು ಬಡಿಯುತ್ತಿತ್ತು. ಅವಳ ಸೊಪ್ಪು ಮೂಲೆಯಲ್ಲಿ ಕಟ್ಟು ಬಿಚ್ಚದೆ ಬಿದ್ದಿತ್ತು. ಕೈಲಿದ್ದ ಕಟ್ಟಿನಿಂದ ಒಂದು ಎಲೆ ಕಿತ್ತು, ಹೊಸಕಿ ಮೂಸಿದಳು. ಒದ್ದೆ ಕಾಗದ ಮೂಸಿದ ಹಾಗಿತ್ತು.

"ಬೇರೆ ಕಡೆ ತಗೊಳ್ತಿದ್ದೀರಾ?"

ಅವನು ಚಾಕು ಕೆಳಗಿಟ್ಟ. "ಗೊಬ್ಬರ ಜಾಸ್ತಿ ಆಗಿದೆ, ಪುದೀನದವರೇ. ಗಿಡ ಬರೀ ಎಲೆ ಬೆಳೆಸ್ತಾ ಕೂತ್ರೆ ಘಮ ಮಾಡೋಕೆ ಪುರುಸೊತ್ತೆಲ್ಲಿ? ಅದಕ್ಕೇ ಸೂಪಿಗೆ ಮಾರ್ಕೆಟ್ಟಿಂದ ತರ್ತಿದ್ದೆ."

"ಹೇಳೋಕೆ ಬಾಯಿ ಇರ್ಲಿಲ್ವಾ? ದಿನಾ ನಾಲ್ಕು ಕಟ್ಟು ಕೇಳ್ತಿದ್ದಿದ್ದು ಯಾರು?"

ಅವನ ಕಿವಿ ಕೆಂಪಗಾಯಿತು. "ಒಂದೇ ಕಟ್ಟು ಕೇಳಿದ್ರೆ ನೀವು ಎರಡೇ ನಿಮಿಷಕ್ಕೆ ಕೊಯ್ದು ಕಳಿಸಿಬಿಡ್ತಿದ್ರಲ್ಲ."

"ನಾನು ಹೇಳಿ ಕಳಿಸೋವರೆಗೂ ಮೆಟ್ಟಿಲು ಹತ್ತಬೇಡಿ," ಎಂದು ಪುದೀನಕ್ಕ ದುಡುದುಡನೆ ಹೊರಟಳು. ಸಿಟ್ಟಿತ್ತು, ನಾಚಿಕೆಯಿತ್ತು, ಎರಡಕ್ಕಿಂತ ಹೆಚ್ಚಾಗಿ ನಡುಬೀದಿಯಲ್ಲೇ ಕುಣಿದುಬಿಡಬೇಕೆನ್ನುವ ಖುಷಿಯಿತ್ತು.

ಆ ಕಾಡನ್ನೆಲ್ಲ ಬುಡಕ್ಕೆ ಕತ್ತರಿಸಿದಳು. ಹಳೆಯ ಮಣ್ಣು ತೆಗೆದು ಹೊಸದು ತುಂಬಿ, ಬರೀ ನೀರು ಕೊಟ್ಟಳು. ಚಿಗುರು ನಿಧಾನವಾಗಿ ಬಂತು. ಸಣ್ಣ ಎಲೆ, ಮುಟ್ಟಿದರೆ ಸಾಕು, ಘಮ ಕೈ ಬಿಡುತ್ತಿರಲಿಲ್ಲ. ಆದರೆ ಇದ್ದದ್ದು ಒಂದು ಹಿಡಿ ಮಾತ್ರ. ಇಷ್ಟಕ್ಕಾಗಿ ಅವನು ದಿನಾ ಬರುತ್ತಾನೆಯೇ? ಪುದೀನಕ್ಕ ಮನಸ್ಸು ಗಟ್ಟಿ ಮಾಡಿಕೊಂಡು ತಂಗಿಯ ಕೈಲಿ ಹೇಳಿ ಕಳಿಸಿದಳು.

ಅವನು ಏದುಸಿರು ಬಿಡುತ್ತ ಮೇಲೆ ಬಂದ. ಸೊಪ್ಪನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ, ಜೋರಾಗಿ ಸೀನಿದ.

"ಆಹಾ! ಆದ್ರೆ ಹೋಟೆಲಿಗೆ ಇದು ಸಾಲಲ್ವಲ್ಲ," ಎಂದ ಪೆಚ್ಚಾಗಿ.

"ಹೋಟೆಲಿಗೆ ಕೊಡ್ತೀನಿ ಅಂತ ಯಾರು ಹೇಳಿದ್ರು?" ಎಂದಳು ಪುದೀನಕ್ಕ, ತಾರಸಿಗೇ ಹೊತ್ತು ತಂದಿದ್ದ ಸ್ಟೌ ಹಚ್ಚುತ್ತ. "ಇಬ್ಬರ ಟೀಗೆ ಸಾಕು. ದಿನಾ."